ದೊರೆಯ ಮುಂದೆ ಬೋಧಕ

ನಮ್ಮ ಜಿಲ್ಲೆಯ ಹೊಸದುರ್ಗ ತಾಲ್ಲೂಕಿನ ಹಾಲುರಾಮೇಶ್ವರಕ್ಕೆ ಹೋದವರು ಅಲ್ಲಿಯ ಕೊಳದ ದಡದಲ್ಲಿ ಕೈಯೊಡ್ಡಿ ನಿಂತ ಭಕ್ತರನ್ನು ಕಂಡಿರುತ್ತಾರೆ. ಮನಸ್ಸಿನಲ್ಲಿ ಒಂದು ಬಯಕೆಯನ್ನು ನೆನೆದು, ನೀರಿನೊಳಗಿಂದ ಗಂಗೆಯ ಪ್ರಸಾದವು ಮೇಲೇಳುವುದೆಂದು ಅವರು ಕಾಯುತ್ತಾರೆ. ಬಂದುದನ್ನು ಕಣ್ಣಿಗೊತ್ತಿಕೊಳ್ಳುತ್ತಾರೆ. ಆ ದಡದಲ್ಲಿ ಅಧಿಕಾರಿಯು ನಿಲ್ಲುವ ಬಗೆಗೂ ಕೂಲಿಯವನು ನಿಲ್ಲುವ ಬಗೆಗೂ ಭೇದವಿಲ್ಲ. ಇಬ್ಬರೂ ಬೇಡುವವರೇ.

ದೇವರ ಮುಂದೆ ಕೈಯೊಡ್ಡುವುದು ಒಂದು. ದೊರೆಯ ಮುಂದೆ, ಮಂತ್ರಿಯ ಮುಂದೆ ಕೈಯೊಡ್ಡುವುದು ಇನ್ನೊಂದು. ಮೊದಲನೆಯದನ್ನು ಚೆನ್ನಾಗಿ ಕಲಿತವನಿಗೆ ಎರಡನೆಯದರ ಅವಶ್ಯಕತೆಯು ತಾನಾಗಿ ಕಡಮೆಯಾಗಬೇಕೆಂಬುದು ಎಲ್ಲ ಮತಗಳ ಉಪದೇಶ. ಲೋಕದಲ್ಲಿ ಕಾಣುವುದಾದರೋ ಬಹುಮಟ್ಟಿಗೆ ಬೇರೆ. ದೇವರ ಹೆಸರಿನಲ್ಲಿ ಜನಕ್ಕೆ ಧೈರ್ಯಹೇಳುವವರೇ ಅಧಿಕಾರದ ಬಾಗಿಲಲ್ಲಿ ಸೊಲ್ಲಡಗಿ ನಿಲ್ಲುವುದನ್ನು ನಾವೆಲ್ಲರೂ ನೋಡಿದ್ದೇವೆ. ಹಾಗಾದರೆ ಧರ್ಮಬೋಧಕನು ಅಧಿಕಾರದಲ್ಲಿರುವವನ ಮುಂದೆ ಧೈರ್ಯವಾಗಿ ಮಾತನಾಡುವುದೆಂದರೆ ಏನು? ಯಾವ ಮಾತನ್ನು ಧೈರ್ಯದ ಮಾತೆಂದು ನಾವು ಮನ್ನಿಸಬೇಕು?

ಈ ವಿಚಾರಕ್ಕೆ ಕ್ರೈಸ್ತ ಬೋಧಕರನ್ನು ನಿದರ್ಶನವಾಗಿ ತೆಗೆದುಕೊಳ್ಳುತ್ತೇನೆ. ಕಾರಣಗಳು ಎರಡು. ಆ ಮತದ ಗ್ರಂಥದಲ್ಲಿ ಅರಸರನ್ನು ಎದುರಿಸಿ ನುಡಿದವರ ಕಥೆಗಳು ಹೇರಳವಾಗಿರುವುದರಿಂದ ಆ ಬೋಧಕರನ್ನು ಅವರದೇ ಅಳತೆಗೋಲಿನಿಂದ ಅಳೆಯಬಹುದು. ಎರಡನೆಯದಾಗಿ, ೨೦೨೧ರಲ್ಲಿ ಇದೇ ಹೊಸದುರ್ಗದ ಹೆಸರು ರಾಜ್ಯದ ವಿಧಾನಸಭೆಯಲ್ಲಿ ಕೇಳಿಬಂದು, ಕ್ರೈಸ್ತ ಧರ್ಮಾಧ್ಯಕ್ಷರು ಮುಖ್ಯಮಂತ್ರಿಗಳ ಮುಂದೆ ನಿಂತು ಮಾತನಾಡಬೇಕಾದ ಸಂದರ್ಭವು ಒದಗಿತು. ಆ ವಿಷಯಕ್ಕೆ ಕೊನೆಯಲ್ಲಿ ಬರುತ್ತೇನೆ.

ಮೊದಲು ಅಳತೆಗೋಲನ್ನು ನೋಡೋಣ. ದಾವೀದರಾಜನು ತನ್ನ ಸೈನಿಕನಾದ ಊರೀಯನ ಹೆಂಡತಿಯನ್ನು ಬಯಸಿ, ಊರೀಯನನ್ನು ಯುದ್ಧದ ಮುಂಚೂಣಿಗೆ ಕಳುಹಿಸಿ ಸಾಯುವಂತೆ ಮಾಡಿದನು. ಆಗ ನಾತಾನನೆಂಬ ಪ್ರವಾದಿಯು ಅರಮನೆಗೆ ಹೋಗಿ ಒಂದು ಕಥೆಯನ್ನು ಹೇಳಿದನು. ಬಡವನೊಬ್ಬನು ಮಗಳಂತೆ ಸಾಕಿದ್ದ ಒಂದೇ ಕುರಿಮರಿಯನ್ನು, ಮಂದೆ ಮಂದೆ ಕುರಿಗಳಿದ್ದ ಸಿರಿವಂತನೊಬ್ಬನು ತನ್ನ ಅತಿಥಿಯ ಊಟಕ್ಕಾಗಿ ಕಿತ್ತುಕೊಂಡನೆಂಬುದು ಆ ಕಥೆ. ಅರಸನು ಕೆರಳಿ, ಅಂಥವನಿಗೆ ಮರಣವೇ ತಕ್ಕ ಶಿಕ್ಷೆಯೆಂದನು. ಆ ಮನುಷ್ಯನು ಬೇರೆ ಯಾರೂ ಅಲ್ಲ, ಸಿಂಹಾಸನದ ಮೇಲಿರುವವನೇ ಎಂದು ನಾತಾನನು ತೋರಿಸಿಕೊಟ್ಟನು.

ಇಲ್ಲಿ ಮೂರು ಅಂಶಗಳನ್ನು ಗಮನಿಸಬೇಕು. ನಾತಾನನು ಮಾತನಾಡಿದುದು ಶತ್ರುರಾಜನೊಡನೆ ಅಲ್ಲ, ತನ್ನ ಅರಸನೊಡನೆ. ಅವನು ವಾದಿಸಿದುದು ತನಗಾಗಿ ಅಲ್ಲ, ಸತ್ತುಹೋದ ಊರೀಯನಿಗಾಗಿ. ಆ ಊರೀಯನು ಹಿತ್ತಿಯರ ಕುಲದವನು, ಅನ್ಯಜನಾಂಗದವನು. ಮೂರನೆಯದಾಗಿ, ಆ ಮಾತಿನಿಂದ ನಾತಾನನಿಗೆ ಲಾಭವೇನೂ ಇರಲಿಲ್ಲ, ಅಪಾಯವು ಮಾತ್ರ ಇತ್ತು. ದಾವೀದನು ಪಶ್ಚಾತ್ತಾಪಪಟ್ಟನಾದುದರಿಂದ ನಾತಾನನು ಉಳಿದನು. ಹೆರೋದನ ಮದುವೆಯನ್ನು ಅಧರ್ಮವೆಂದ ಸ್ನಾನಿಕನಾದ ಯೋಹಾನನ ತಲೆಯು ಹರಿವಾಣದ ಮೇಲೆ ಬಂದಿತು.

ಇದು ಆ ಒಂದು ಮತದ ಸ್ವತ್ತಲ್ಲ. ಕೌರವಸಭೆಯಲ್ಲಿ ದ್ರೌಪದಿಗಾಗಿ ಮಾತನಾಡಿದ ವಿದುರನು ಆ ಅರಮನೆಯ ಅನ್ನವನ್ನೇ ಉಂಡವನು. ಬಿಜ್ಜಳನ ಭಂಡಾರಿಯಾಗಿದ್ದ ಬಸವಣ್ಣನವರು ಹರಳಯ್ಯ ಮಧುವರಸರ ಮಕ್ಕಳ ಮದುವೆಯ ಕಾಲದಲ್ಲಿ ಯಾರ ಪಕ್ಷದಲ್ಲಿ ನಿಂತರೆಂಬುದು ಕನ್ನಡನಾಡಿಗೆ ಗೊತ್ತಿದೆ. ಆ ಮೂರು ಅಂಶಗಳು ಇಲ್ಲಿಯೂ ಸಲ್ಲುತ್ತವೆ: ಮಾತು ತನ್ನ ಪ್ರಭುವಿಗೆ ಸಲ್ಲಬೇಕು, ಪರರಿಗಾಗಿ ಇರಬೇಕು, ನಷ್ಟಕ್ಕೆ ಸಿದ್ಧವಾಗಿರಬೇಕು.

ಈಗ ನಮ್ಮ ನಾಡಿನ ಒಂದು ಪ್ರಸಂಗವನ್ನು ಈ ಗೋಲಿನಿಂದ ಅಳೆದು ನೋಡೋಣ.

೧೭೭೯ನೆಯ ಇಸವಿಯು ಚಿತ್ರದುರ್ಗದವರು ಮರೆಯದ ವರ್ಷ. ಆ ವರ್ಷ ಹೈದರಾಲಿಯು ದುರ್ಗವನ್ನು ಹಿಡಿದನು. ಕಡೆಯ ಪಾಳೆಯಗಾರನಾದ ಮದಕರಿನಾಯಕನು ಸೆರೆಯಾಳಾಗಿ ಶ್ರೀರಂಗಪಟ್ಟಣಕ್ಕೆ ಹೋದನು, ಮರಳಿ ಬರಲಿಲ್ಲ. ದುರ್ಗದ ಸೀಮೆಯ ಸುಮಾರು ೨೦,೦೦೦ ಮಂದಿ ಬೇಡರನ್ನು ಅಲ್ಲಿಗೆ ಸಾಗಿಸಿ, ಅವರ ಹುಡುಗರಿಂದ ಚೇಲಾ ದಳಗಳನ್ನು ಕಟ್ಟಿದರೆಂದು ಚರಿತ್ರಕಾರರು ಬರೆದಿದ್ದಾರೆ. ಅದೇ ವರ್ಷ ತಂಜಾವೂರಿನ ಕಡೆಯಿಂದ ಒಬ್ಬ ಜರ್ಮನ್ ಪಾದ್ರಿಯು ಗಜ್ಜಲಹಟ್ಟಿಯ ಕಣಿವೆಯನ್ನು ಹತ್ತಿ, ಮೈಸೂರಿನ ಮಾರ್ಗವಾಗಿ ಶ್ರೀರಂಗಪಟ್ಟಣವನ್ನು ಸೇರಿದನು. ಅವನ ಹೆಸರು ಕ್ರಿಶ್ಚಿಯನ್ ಫ್ರೀಡ್ರಿಕ್ ಶ್ವಾರ್ಟ್ಸ್.

ಶ್ವಾರ್ಟ್ಸನು ೧೭೨೬ರಲ್ಲಿ ಪ್ರಷ್ಯದಲ್ಲಿ ಹುಟ್ಟಿ, ೧೭೫೦ರಲ್ಲಿ ತರಂಗಂಬಾಡಿಗೆ ಬಂದು, ತಿರುಚಿನಾಪಳ್ಳಿಯಲ್ಲಿಯೂ ತಂಜಾವೂರಿನಲ್ಲಿಯೂ ಬಾಳನ್ನು ಕಳೆದವನು. ತಮಿಳು, ಹಿಂದೂಸ್ಥಾನಿ, ಪಾರಸಿ, ಮರಾಠಿ ಭಾಷೆಗಳನ್ನು ಬಲ್ಲವನು. ಆಗ ಮದರಾಸಿನ ಗವರ್ನರನಾಗಿದ್ದ ಸರ್ ಥಾಮಸ್ ರಂಬೋಲ್ಡನು ಅವನನ್ನು ಕರೆಯಿಸಿ, ಹೈದರನ ಮನೋಭಾವವನ್ನು ತಿಳಿದು ಕುಂಪಣಿಯ ಶಾಂತಿಯ ಆಶಯವನ್ನು ಅವನಿಗೆ ತಿಳಿಸಿ ಬರಬೇಕೆಂದು ಗುಪ್ತವಾಗಿ ಕಳುಹಿಸಿದನು. ಪಾದ್ರಿಯು ಒಪ್ಪಿದುದೇಕೆ? ಅವನೇ ಕಾರಣಗಳನ್ನು ಬರೆದಿಟ್ಟಿದ್ದಾನೆ. ಯುದ್ಧವು ತಪ್ಪಿ ಜನರು ಸುಖವಾಗಿರಬಹುದು. ಹೊಸ ಸೀಮೆಯಲ್ಲಿ ತನ್ನ ಧರ್ಮವನ್ನು ಬೋಧಿಸಬಹುದು. ಕುಂಪಣಿಯು ತನಗೆ ತೋರಿಸಿದ ದಯೆಗೆ ಕೃತಜ್ಞತೆಯನ್ನು ಸಲ್ಲಿಸಬಹುದು. ಜೊತೆಗೆ, ಯಾರಿಂದಲೂ ಕಾಣಿಕೆಯನ್ನು ಮುಟ್ಟದೆ ಕೈಯನ್ನು ಶುದ್ಧವಾಗಿಟ್ಟುಕೊಳ್ಳಬೇಕೆಂದು ಅವನು ನಿಶ್ಚಯಿಸಿದನು.

ಶ್ರೀರಂಗಪಟ್ಟಣದಲ್ಲಿ ಹೈದರನು ಅವನನ್ನು ರತ್ನಗಂಬಳಿಯ ಮೇಲೆ ತನ್ನ ಪಕ್ಕದಲ್ಲಿಯೇ ಕೂರಿಸಿಕೊಂಡನು. ಓದುಬರಹವನ್ನರಿಯದ, ಆದರೆ ಅಸಾಧಾರಣ ಜ್ಞಾಪಕಶಕ್ತಿಯುಳ್ಳ ಆ ನವಾಬನು ಒಂದೇ ಹೊತ್ತಿನಲ್ಲಿ ಹಲವು ಕಾರ್ಯಗಳನ್ನು ನಡೆಸುತ್ತಿದ್ದುದನ್ನು ಪಾದ್ರಿಯು ನೋಡಿ ಬರೆದಿದ್ದಾನೆ. ಜನರು ಯಾವ ಮತವನ್ನು ಅನುಸರಿಸುವರೆಂಬ ವಿಷಯದಲ್ಲಿ ಹೈದರನು ಉದಾಸೀನನಾಗಿದ್ದನೆಂದೂ ಬರೆದಿದ್ದಾನೆ. ಚಾವಟಿ ಹಿಡಿದ ಇನ್ನೂರು ಮಂದಿಯನ್ನೂ ಅವನು ಕಂಡನು. ತೆರಿಗೆ ವಸೂಲಿಯ ಅಧಿಕಾರಿಯೇ ಇರಲಿ, ಕುದುರೆಯ ಆಳೇ ಇರಲಿ, ನವಾಬನ ಮಕ್ಕಳೇ ಇರಲಿ, ಆ ಚಾವಟಿಗೆ ಎಲ್ಲರೂ ಒಂದೇ ಆಗಿದ್ದರು. ಏಟಿಲ್ಲದೆ ಒಂದು ದಿನವೂ ಕಳೆಯುತ್ತಿರಲಿಲ್ಲ.

ಹೈದರನು ಅವನೊಡನೆ ಮನಸ್ಸು ಬಿಚ್ಚಿ ಮಾತನಾಡಿದನು. ಕುಂಪಣಿಯವರು ಮಾಡಿದ ಕರಾರುಗಳನ್ನು ತಾವೇ ಮುರಿದರೆಂಬುದು ಅವನ ದೂರು. ಆ ವರ್ಷದ ಮಾರ್ಚಿಯಲ್ಲಿ ಅವನ ಇಷ್ಟಕ್ಕೆ ವಿರೋಧವಾಗಿ ಇಂಗ್ಲಿಷರು ಮಾಹೆಯನ್ನು ಹಿಡಿದಿದ್ದರು. ತನ್ನ ದೂರುಗಳನ್ನೆಲ್ಲ ಒಂದು ಪತ್ರದಲ್ಲಿ ಬರೆಯಿಸಿ, ಮಿಕ್ಕುದನ್ನು ಬಾಯಿಂದ ತಿಳಿಸಬೇಕೆಂದು ಅವನು ಪಾದ್ರಿಯ ಕೈಯಲ್ಲಿ ಕೊಟ್ಟನು. ಹೊರಡುವಾಗ ಪಲ್ಲಕ್ಕಿಯಲ್ಲಿ ೩೦೦ ರೂಪಾಯಿಯ ಒಂದು ಚೀಲವಿದ್ದಿತು. ಅದು ನವಾಬನು ದಾರಿಖರ್ಚಿಗೆಂದು ಕೊಡಿಸಿದ ಹಣ. ಪಾದ್ರಿಯು ಹಿಂದಕ್ಕೆ ಕೊಡಲು ಹೋದರೆ, ಹಾಗೆ ಮಾಡಿದಲ್ಲಿ ತನ್ನ ತಲೆಗೆ ಬರುವುದೆಂದು ಅಧಿಕಾರಿಯು ಅಂಜಿದನು. ಶ್ವಾರ್ಟ್ಸನು ಅದನ್ನು ತಂದು ಮದರಾಸಿನ ಸರ್ಕಾರದವರ ಮುಂದಿಟ್ಟನು. ಅವರು ನೀನೇ ಇಟ್ಟುಕೊಳ್ಳೆಂದಾಗ, ತಂಜಾವೂರಿನಲ್ಲಿ ಬಡಮಕ್ಕಳ ಪಾಠಶಾಲೆಗೆ ಅದನ್ನು ಮೂಲಧನವಾಗಿ ಮಾಡಿದನು.

ಹೈದರನು ಕುಂಪಣಿಯ ದೂತರಲ್ಲಿ ಯಾರನ್ನೂ ನಂಬದಿದ್ದರೂ ಈ ಪಾದ್ರಿಯನ್ನು ನಂಬಿದನು. ಮರುವರ್ಷ, ೧೭೮೦ರ ಜುಲೈಯಲ್ಲಿ, ಅವನ ಸೈನ್ಯವು ಘಟ್ಟವನ್ನಿಳಿದು ಕರ್ಣಾಟಕಪ್ರಾಂತವನ್ನು ಸುಟ್ಟಾಗಲೂ ಶ್ವಾರ್ಟ್ಸನನ್ನು ಮಾತ್ರ ಯಾರೂ ತಡೆಯಬಾರದೆಂದು ಅಪ್ಪಣೆಮಾಡಿದ್ದನು.

ಇದನ್ನು ಧೈರ್ಯದ ನಿದರ್ಶನವೆಂದು ಹಲವರು ಕೊಂಡಾಡಿದ್ದಾರೆ. ಚಾವಟಿಗಳ ನಡುವೆ ಕೂತು ಶಾಂತಿಯ ಮಾತನಾಡುವುದು ಸಾಮಾನ್ಯವಲ್ಲವೆಂಬುದು ನಿಜ. ಆದರೆ ಮೇಲೆ ಹೇಳಿದ ಗೋಲಿನಿಂದ ಅಳೆದರೆ ಇಲ್ಲಿ ಕೊರತೆಯು ಕಾಣುತ್ತದೆ. ಹೈದರನು ಅವನ ಪ್ರಭುವಲ್ಲ. ಅವನನ್ನು ಕಳುಹಿಸಿದುದು ಕುಂಪಣಿ. ಅವನ ಬಾಯಲ್ಲಿದ್ದ ಸಂದೇಶವು ಕುಂಪಣಿಯದು. ಆ ಕುಂಪಣಿಯಾದರೋ ಶಾಂತಿಯ ಮಾತನ್ನು ಅವನ ಬಾಯಲ್ಲಿರಿಸಿ, ಹೈದರನು ದೂರಿದ ಅನ್ಯಾಯಗಳನ್ನು ಸರಿಪಡಿಸಲಿಲ್ಲ. ಪಾದ್ರಿಯ ಪ್ರಾಮಾಣಿಕತೆಯು ಒಂದು ಸರ್ಕಾರದ ಕಪಟಕ್ಕೆ ಮುಸುಕಾಗಿ ಬಳಕೆಯಾಯಿತು. ಆ ದ್ವೀಪದಲ್ಲಿಯೇ ನಮ್ಮ ಮದಕರಿನಾಯಕನು ಸೆರೆಯಲ್ಲಿದ್ದನು, ನಮ್ಮ ಸೀಮೆಯ ಹುಡುಗರು ತಾಯಿತಂದೆಗಳಿಂದ ಅಗಲಿ ಹೊಸ ಹೆಸರುಗಳನ್ನು ಹೊತ್ತು ಕವಾಯತು ಕಲಿಯುತ್ತಿದ್ದರು. ಅವರ ಬಿಡುಗಡೆಯನ್ನು ಕೇಳುವುದು ಆ ದೂತನ ಕೆಲಸವಾಗಿರಲಿಲ್ಲ. ದೂತನಾದವನು ತನ್ನನ್ನು ಕಳುಹಿಸಿದವನ ಮಾತನ್ನು ಹೇಳಬೇಕಲ್ಲದೆ ತಾನು ಕಂಡ ದುಃಖದ ಮಾತನ್ನಲ್ಲ. ಪ್ರಭುತ್ವದ ಪಲ್ಲಕ್ಕಿಯನ್ನೇರಿದ ಬೋಧಕನಿಗೆ ಇರುವ ಮೊದಲನೆಯ ಕಟ್ಟು ಇದು.

ಆದರೆ ಈ ಮನುಷ್ಯನನ್ನು ಇಷ್ಟಕ್ಕೇ ತೂಗಿ ಬಿಟ್ಟರೆ ಅನ್ಯಾಯವಾದೀತು. ಅವನ ಹೆಚ್ಚಿನ ಮಾತು ನಡೆದುದು ಶ್ರೀರಂಗಪಟ್ಟಣದಲ್ಲಿ ಅಲ್ಲ, ತಂಜಾವೂರಿನಲ್ಲಿ. ಯುದ್ಧಕಾಲದಲ್ಲಿ ತಂಜಾವೂರಿನ ಕೋಟೆಯೊಳಗೆ ಜನರು ಹಸಿವಿನಿಂದ ಸಾಯುತ್ತಿದ್ದರೂ ಹಳ್ಳಿಗರು ಧಾನ್ಯವನ್ನು ತರಲಿಲ್ಲ. ರಾಜನೂ ಕುಂಪಣಿಯೂ ಹಿಂದೆ ತೆಗೆದುಕೊಂಡುದಕ್ಕೆ ಹಣವನ್ನು ಕೊಡದೆ ವಂಚಿಸಿದ್ದರು. ಪಾದ್ರಿಯು ತಾನು ಹೊಣೆಯೆಂದ ಮೇಲೆ ಒಂದೆರಡು ದಿನಗಳಲ್ಲಿ ಸಾವಿರ ಎತ್ತುಗಳು ಬಂದುವು; ೮೦,೦೦೦ ಕಲಂ ಧಾನ್ಯವು ಕೋಟೆಯನ್ನು ಸೇರಿತು. ಮುಂದೆ ರಾಜನ ಅಧಿಕಾರಿಗಳ ಸುಲಿಗೆಯನ್ನು ತಾಳಲಾರದೆ ಹತ್ತಾರು ಸಾವಿರ ರೈತರು ಸೀಮೆಯನ್ನು ಬಿಟ್ಟು ಹೋದಾಗ, ರಾಜನ ಮಾತಿಗೆ ಯಾರೂ ತಿರುಗಿ ಬರಲಿಲ್ಲ. ಶ್ವಾರ್ಟ್ಸನ ಮಾತಿಗೆ ಒಂದೇ ದಿನ ೭,೦೦೦ ಮಂದಿ ಬಂದರು. ಈ ಸುಲಿಗೆಯನ್ನು ಅವನು ರಾಜನಿಗೂ ಹೇಳಿದನು, ಮದರಾಸಿನ ಸರ್ಕಾರಕ್ಕೂ ಬರೆದನು. ದತ್ತುಪುತ್ರನಾದ ಬಾಲಕ ಸರಫೋಜಿಯು ಚಿಕ್ಕಪ್ಪನ ಕೈಯಲ್ಲಿ ಹಿಂಸೆಪಡುತ್ತಿದ್ದಾಗ ಅವನ ಪರವಾಗಿ ವರ್ಷಗಟ್ಟಲೆ ಸರ್ಕಾರದವರೊಡನೆ ವಾದಿಸಿದನು. ಆ ಬಾಲಕನು ಕ್ರೈಸ್ತನಾಗಲಿಲ್ಲ. ಆಗಬೇಕೆಂಬ ನಿಬಂಧನೆಯೂ ಆ ವಾದದಲ್ಲಿರಲಿಲ್ಲ. ೧೭೯೮ರಲ್ಲಿ ಶ್ವಾರ್ಟ್ಸನು ತೀರಿಕೊಂಡಮೇಲೆ ಹಿಂದೂರಾಜನಾದ ಸರಫೋಜಿಯೇ ಅವನಿಗೆ ಅಮೃತಶಿಲೆಯ ಸ್ಮಾರಕವನ್ನು ಮಾಡಿಸಿದನು.

ಇಲ್ಲಿ ಒಂದು ಆಕ್ಷೇಪವು ಹುಟ್ಟುತ್ತದೆ. ತಿರುಚಿನಾಪಳ್ಳಿಯ ದಂಡಿನ ಪಾದ್ರಿಯಾಗಿ ಶ್ವಾರ್ಟ್ಸನು ಕುಂಪಣಿಯಿಂದ ವರ್ಷಕ್ಕೆ ೧೦೦ ಪೌಂಡುಗಳ ಸಂಬಳವನ್ನು ಪಡೆಯುತ್ತಿದ್ದನು. ಅನ್ನವನ್ನು ಉಂಡವನ ಧೈರ್ಯಕ್ಕೆ ಬೆಲೆಯೆಷ್ಟು? ಭೀಷ್ಮನು ಇದೇ ಕಟ್ಟಿಗೆ ಸಿಕ್ಕಿ ಸಭೆಯಲ್ಲಿ ಮೌನವಾದನು. ಅರ್ಥವು ತನ್ನನ್ನು ಕಟ್ಟಿಹಾಕಿತೆಂದು ಅವನೇ ಒಪ್ಪಿಕೊಂಡನು. ಆದರೆ ವಿದುರನೂ ಅದೇ ಅನ್ನವನ್ನು ಉಂಡಿದ್ದನಷ್ಟೆ. ಆದ್ದರಿಂದ ಸಂಬಳವಿತ್ತೆ ಇಲ್ಲವೆ ಎಂಬುದರಿಂದ ಪ್ರಶ್ನೆಯು ಮುಗಿಯುವುದಿಲ್ಲ. ಬೇಡವಾದ ದಿನ ಅದನ್ನು ಬಿಟ್ಟುಬಿಡಲು ಮನಸ್ಸು ಸಿದ್ಧವಿತ್ತೆ ಎಂಬುದೇ ಪ್ರಶ್ನೆ. ಲೋಕದಲ್ಲಿ ಯಾರ ಋಣವೂ ಇಲ್ಲದೆ ಬದುಕುವವನು ಯಾವನೂ ಇಲ್ಲ. ಯಾವ ಋಣಕ್ಕಾಗಿ ಯಾವ ಮಾತನ್ನು ನುಂಗಿಕೊಳ್ಳುತ್ತೇವೆ ಎಂಬುದರಲ್ಲಿ ನಮ್ಮ ಬೆಲೆಯು ಗೊತ್ತಾಗುತ್ತದೆ.

ಶ್ವಾರ್ಟ್ಸನೂ ಒಂದು ಮಾತನ್ನು ನುಂಗಿಕೊಂಡನು. ಅವನ ದೇವಾಲಯದಲ್ಲಿ ವೆಳ್ಳಾಳರು ಒಂದು ಕಡೆ, ಪರಯರು ಒಂದು ಕಡೆ ಕೂರುತ್ತಿದ್ದರು. ಅವನು ಅದನ್ನು ಕಾಲಕ್ರಮದಲ್ಲಿ ತಾನಾಗಿ ಅಳಿಯುವ ಪದ್ಧತಿಯೆಂದು ಸಹಿಸಿಕೊಂಡನು. ಅದು ಅಳಿಯಲಿಲ್ಲ. ೧೮೩೩ರಲ್ಲಿ ಬಿಷಪ್ ಡೇನಿಯಲ್ ವಿಲ್ಸನನು ಅದನ್ನು ನಿಷೇಧಿಸಿದಾಗ ತಂಜಾವೂರಿನ ಸಭೆಯಲ್ಲಿ ದೊಡ್ಡ ಒಡಕುಂಟಾಯಿತು. ದಕ್ಷಿಣದ ಕೆಲವು ಸಭೆಗಳಲ್ಲಿ ಜಾತಿಯ ಗೋಡೆಯು ಸಮಾಧಿಭೂಮಿಯವರೆಗೂ ಹೋಯಿತು. ನವಾಬನ ಚಾವಟಿಗೆ ಅಂಜದವನು ತನ್ನ ಸಭೆಯ ಮುಂದಿನ ಸಾಲಿನವರಿಗೆ ಅಂಜಿದನೆಂದು ಹೇಳಿದರೆ ಕಠೋರವಾದೀತೇನೋ. ಆದರೆ ತೀರ ಸುಳ್ಳಾಗಲಾರದು. ಅಧಿಕಾರವು ಸಿಂಹಾಸನದ ಮೇಲೆ ಮಾತ್ರ ಕೂರುವುದಿಲ್ಲ. ಬೋಧಕನ ಕಾಣಿಕೆಪೆಟ್ಟಿಗೆಯನ್ನು ತುಂಬುವವರೂ ಅವನ ಪ್ರಭುಗಳೇ. ಎಷ್ಟೋ ವೇಳೆ ಅವರ ಮುಂದೆ ಮಾತನಾಡುವುದೇ ಹೆಚ್ಚು ಕಷ್ಟ.

ಹಾಗೆ ಮಾತನಾಡಿದವರು ಇಲ್ಲದಿಲ್ಲ. ೧೫೧೧ರ ಡಿಸೆಂಬರಿನಲ್ಲಿ, ಕೊಲಂಬಸನು ಕಂಡುಹಿಡಿದ ಹಿಸ್ಪಾನಿಯೋಲ ದ್ವೀಪದಲ್ಲಿ, ಆಂಟೋನಿಯೊ ಡಿ ಮಾಂಟೆಸಿನೋಸ್ ಎಂಬ ಸನ್ಯಾಸಿಯು ಸ್ಪೇನಿನ ಅಧಿಕಾರಿಗಳೂ ಜಮೀನುದಾರರೂ ತುಂಬಿದ ದೇವಾಲಯದಲ್ಲಿ ನಿಂತು, ಅಲ್ಲಿಯ ಮೂಲನಿವಾಸಿಗಳನ್ನು ದುಡಿಸಿ ಕೊಲ್ಲುತ್ತಿದ್ದ ಅವರನ್ನು ನೇರವಾಗಿ ಖಂಡಿಸಿದನು. ಕೊಲಂಬಸನ ಮಗನೇ ಅಲ್ಲಿಯ ಗವರ್ನರನು. ಮಾತನ್ನು ಹಿಂತೆಗೆದುಕೊಳ್ಳಬೇಕೆಂದು ಅವರು ಒತ್ತಾಯಮಾಡಲು, ಮುಂದಿನ ಭಾನುವಾರ ಅವನು ಅದನ್ನೇ ಇನ್ನೂ ಬಲವಾಗಿ ನುಡಿದನು. ಆ ಮೂಲನಿವಾಸಿಗಳು ಅವನ ಸಭೆಯವರಲ್ಲ. ಕೇಳುತ್ತಿದ್ದವರು ಅವನ ನಾಡಿನವರು.

ಬಂಗಾಳದಲ್ಲಿ ಜೇಮ್ಸ್ ಲಾಂಗ್ ಎಂಬ ಪಾದ್ರಿಯು ಇದೇ ದಾರಿಯನ್ನು ಹಿಡಿದನು. ನೀಲಿಬೆಳೆಯ ಬಿಳಿಯ ತೋಟಗಾರರು ರೈತರನ್ನು ಹಿಂಸಿಸುತ್ತಿದ್ದುದನ್ನು ದೀನಬಂಧು ಮಿತ್ರರು ‘ನೀಲದರ್ಪಣ’ವೆಂಬ ನಾಟಕದಲ್ಲಿ ಚಿತ್ರಿಸಿದ್ದರು. ಅದರ ಇಂಗ್ಲಿಷ್ ಅನುವಾದವನ್ನು ಲಾಂಗನು ಪ್ರಕಟಪಡಿಸಿದನು. ೧೮೬೧ರಲ್ಲಿ ಕಲ್ಕತ್ತೆಯ ನ್ಯಾಯಾಲಯವು ಅವನಿಗೆ ಒಂದು ತಿಂಗಳ ಸೆರೆಯನ್ನೂ ೧,೦೦೦ ರೂಪಾಯಿ ಜುಲ್ಮಾನೆಯನ್ನೂ ವಿಧಿಸಿತು. ಜುಲ್ಮಾನೆಯನ್ನು ಕಾಳೀಪ್ರಸನ್ನ ಸಿಂಹರು ಅಲ್ಲಿಯೇ ಕಟ್ಟಿದರು. ಸೆರೆಯನ್ನು ಪಾದ್ರಿಯೇ ಅನುಭವಿಸಿದನು. ಇಲ್ಲಿ ಮೂರು ಲಕ್ಷಣಗಳೂ ಕೂಡಿಬಂದಿವೆ.

ಇಂಥವರು ಹೆಚ್ಚಾಗದಂತೆ ಪ್ರಭುತ್ವವೂ ಎಚ್ಚರವಹಿಸಿತು. ಬ್ರಿಟಿಷರ ಕಡೆಯ ದಶಕಗಳಲ್ಲಿ ಪರದೇಶದ ಮಿಷನ್ನುಗಳವರು ಸ್ಥಾಪಿತ ಸರ್ಕಾರಕ್ಕೆ ವಿಧೇಯರಾಗಿರುತ್ತೇವೆಂದು ಬರೆದುಕೊಟ್ಟ ಮೇಲೆಯೇ ಈ ದೇಶದಲ್ಲಿ ಕೆಲಸಮಾಡಬಹುದಾಗಿತ್ತು. ೧೯೩೦ರಲ್ಲಿ ಅಮೆರಿಕದ ಪಾದ್ರಿ ರಾಲ್ಫ್ ರಿಚರ್ಡ್ ಕೈತಾನರು ಖಾದಿಯನ್ನುಟ್ಟು ಗಾಂಧೀಜಿಯವರ ಮಿತ್ರನೊಬ್ಬನಿಗೆ ಆತಿಥ್ಯವನ್ನು ನೀಡಿದುದಕ್ಕಾಗಿ ದೇಶವನ್ನು ಬಿಡಬೇಕಾಯಿತು. ಮಿಕ್ಕ ಬಹುಮಂದಿ ಪಾದ್ರಿಗಳು ಶಾಲೆ ಆಸ್ಪತ್ರೆಗಳನ್ನು ಉಳಿಸಿಕೊಳ್ಳುವುದಕ್ಕಾಗಿ ಮೌನವಾಗಿದ್ದರು. ಆ ಮೌನವನ್ನು ಹೇಡಿತನವೆಂದು ನಾನು ಸುಲಭವಾಗಿ ಹೇಳಲಾರೆ. ಆಸ್ಪತ್ರೆಯು ಮುಚ್ಚಿದರೆ ಸಾಯುವವನು ಪಾದ್ರಿಯಲ್ಲ, ರೋಗಿ. ಧೈರ್ಯದ ಬೆಲೆಯನ್ನು ಇತರರು ತೆರಬೇಕಾಗಿ ಬಂದಲ್ಲಿ ಮನುಷ್ಯನು ಎರಡು ಸಲ ಯೋಚಿಸುವುದು ಸಹಜ. ಆದರೆ ಸಂಸ್ಥೆಗಳು ಬೆಳೆದಂತೆಲ್ಲ ಬೋಧಕನ ನಾಲಗೆಯು ಚಿಕ್ಕದಾಗುವುದೆಂಬುದೂ ನಿಜ. ಇದು ಮಠಗಳಿಗೂ ಸಲ್ಲುವ ಮಾತು.

ಸ್ವಾತಂತ್ರ್ಯವು ಬಂದಮೇಲೆ ಪ್ರಶ್ನೆಯು ಬೇರೊಂದು ರೂಪವನ್ನು ತಾಳಿತು. ೧೯೭೫ರಲ್ಲಿ ತುರ್ತುಪರಿಸ್ಥಿತಿಯು ಘೋಷಿತವಾದಾಗ ಕ್ರೈಸ್ತ ಸಭೆಗಳ ಮುಖಂಡರಲ್ಲಿ ಬಹ್ವಂಶವು ಬಾಯಿಬಿಡಲಿಲ್ಲ. ಮಾರ್ ತೋಮಾ ಸಭೆಯ ವೃದ್ಧ ಧರ್ಮಾಧ್ಯಕ್ಷರಾದ ಯುಹಾನೋನ್ ಮಾರ್ ತೋಮಾ ಅವರು ಇಂದಿರಾ ಗಾಂಧಿಯವರಿಗೆ ಪತ್ರವನ್ನು ಬರೆದು ಅದನ್ನು ಹಿಂತೆಗೆಯಬೇಕೆಂದು ಕೇಳಿದರು. ೧೯೬೨ರಿಂದ ೧೯೭೫ರವರೆಗೆ ಬೆಂಗಳೂರಿನಲ್ಲಿ ಧರ್ಮ ಮತ್ತು ಸಮಾಜಗಳ ಅಧ್ಯಯನದ ಕ್ರೈಸ್ತ ಸಂಸ್ಥೆಯನ್ನು ನಡೆಸಿದ ಎಂ. ಎಂ. ಥಾಮಸ್ ಅವರು ಪಟ್ಟವನ್ನು ಪಡೆದ ಪಾದ್ರಿಗಳಲ್ಲದಿದ್ದರೂ ಆ ಕಾಲದಲ್ಲಿ ಎಡೆಬಿಡದೆ ಬರೆದರು. ಅವರು ಮುಂದೆ ನಾಗಾಲ್ಯಾಂಡಿನ ರಾಜ್ಯಪಾಲರಾದರು. ೧೯೯೨ರಲ್ಲಿ ಕೇಂದ್ರವನ್ನು ಕೇಳದೆ, ಅಲ್ಲಿಯ ಮುಖ್ಯಮಂತ್ರಿಯ ಸಲಹೆಯಂತೆ ವಿಧಾನಸಭೆಯನ್ನು ವಿಸರ್ಜಿಸಿದುದಕ್ಕಾಗಿ ಪದವಿಯನ್ನು ಕಳೆದುಕೊಂಡರು. ಅಧಿಕಾರದ ಕುರ್ಚಿಯಲ್ಲಿ ಕೂತೂ ಅದಕ್ಕೆ ಅಂಟಿಕೊಳ್ಳದಿರುವುದು ಸಾಧ್ಯವೆಂಬುದಕ್ಕೆ ಇದು ಸಾಕ್ಷಿ.

ಬೆಂಗಳೂರಿನ ಭಾರತೀಯ ಸಾಮಾಜಿಕ ಸಂಸ್ಥೆಯನ್ನು ೧೯೭೫ರಿಂದ ೧೯೮೬ರವರೆಗೆ ನಡೆಸಿದ ಯೇಸುಸಭೆಯ ಪಾದ್ರಿ ಸ್ಟ್ಯಾನ್ ಸ್ವಾಮಿಯವರು ಆಮೇಲೆ ಜಾರ್ಖಂಡಿಗೆ ಹೋಗಿ, ವಿಚಾರಣೆಯಿಲ್ಲದೆ ಸೆರೆಯಲ್ಲಿ ಕೊಳೆಯುತ್ತಿದ್ದ ಆದಿವಾಸಿ ಯುವಕರಿಗಾಗಿ ನ್ಯಾಯಾಲಯದ ಮೊರೆಹೊಕ್ಕರು. ೨೦೨೦ರ ಅಕ್ಟೋಬರಿನಲ್ಲಿ, ೮೩ ವರ್ಷದ ಮುಪ್ಪಿನಲ್ಲಿ, ಅವರು ತಾವೇ ವಿಚಾರಣಾಧೀನ ಕೈದಿಯಾದರು. ಕೈನಡುಕದ ರೋಗದಿಂದ ಲೋಟವನ್ನು ಹಿಡಿಯಲಾರದೆ, ನೀರು ಕುಡಿಯುವುದಕ್ಕೆ ಒಂದು ಕೊಳವೆಯನ್ನು ನ್ಯಾಯಾಲಯದಿಂದ ಬೇಡಬೇಕಾಯಿತು. ೨೦೨೧ರ ಜುಲೈ ೫ರಂದು ಮುಂಬಯಿಯ ಆಸ್ಪತ್ರೆಯೊಂದರಲ್ಲಿ ತೀರಿಕೊಂಡರು. ಅವರ ಮೇಲಿನ ಆರೋಪವನ್ನು ಅವರು ನಿರಾಕರಿಸಿದ್ದರು. ವಿಚಾರಣೆಯು ನಡೆಯಲೇ ಇಲ್ಲ.

ಅದಾಗಿ ಸುಮಾರು ಎರಡೂವರೆ ತಿಂಗಳಿಗೆ ಹೊಸದುರ್ಗದ ಮಾತು ಎದ್ದಿತು. ೨೦೨೧ರ ಸೆಪ್ಟೆಂಬರಿನಲ್ಲಿ ಹೊಸದುರ್ಗದ ಶಾಸಕರು ತಮ್ಮ ತಾಯಿಯವರೇ ಮತಾಂತರಗೊಂಡರೆಂದೂ ಕ್ಷೇತ್ರದಲ್ಲಿ ಸಾವಿರಾರು ಮಂದಿಯನ್ನು ಮತಾಂತರಿಸಲಾಗಿದೆಯೆಂದೂ ವಿಧಾನಸಭೆಯಲ್ಲಿ ದುಃಖದಿಂದ ಹೇಳಿದರು. ಮನೆಯ ದೇವರ ಕೋಣೆಯು ಇದ್ದಕ್ಕಿದ್ದಂತೆ ಎರಡಾದರೆ ಮಗನ ಮನಸ್ಸಿಗೆ ಆಗುವ ನೋವನ್ನು ಯಾರೂ ಹಗುರವಾಗಿ ಕಾಣಬಾರದು. ಮುಂದೆ ತಾಲ್ಲೂಕಿನಲ್ಲಿ ಸಮೀಕ್ಷೆಯು ನಡೆಯಿತು. ಬಲವಂತದ ಮತಾಂತರವು ಕಂಡುಬರಲಿಲ್ಲವೆಂದು ಅಲ್ಲಿಯ ತಹಶೀಲ್ದಾರರು ವರದಿಮಾಡಿದರು. ಅವರಿಗೆ ವರ್ಗವಾದ ಸುದ್ದಿಯೂ ಆ ಡಿಸೆಂಬರಿನಲ್ಲಿಯೇ ಪತ್ರಿಕೆಗಳಲ್ಲಿ ಬಂದಿತು. ೨೦೨೧ರ ಡಿಸೆಂಬರ್ ೨೩ರಂದು ಬೆಳಗಾವಿಯಲ್ಲಿ ಸೇರಿದ ವಿಧಾನಸಭೆಯು ಮತಾಂತರ ನಿಷೇಧದ ಮಸೂದೆಯನ್ನು ಅಂಗೀಕರಿಸಿತು. ೨೦೨೨ರ ಸೆಪ್ಟೆಂಬರಿನಲ್ಲಿ ಅದು ಕಾಯಿದೆಯಾಯಿತು. ಮತವನ್ನು ಬದಲಿಸಬಯಸುವವನು ೩೦ ದಿನ ಮುಂಚಿತವಾಗಿ ಜಿಲ್ಲಾಧಿಕಾರಿಗೆ ತಿಳಿಸಬೇಕೆಂದು ಅದರಲ್ಲಿ ವಿಧಿಸಲಾಯಿತು. ೨೦೨೩ರ ಜೂನಿನಲ್ಲಿ ಅನಂತರದ ಸರ್ಕಾರದ ಮಂತ್ರಿಮಂಡಲವು ಅದನ್ನು ರದ್ದುಪಡಿಸಲು ತೀರ್ಮಾನಿಸಿತು.

ಮಸೂದೆಯ ಮಾತು ಎದ್ದ ಸೆಪ್ಟೆಂಬರಿನಲ್ಲಿಯೇ ಬೆಂಗಳೂರಿನ ಆರ್ಚ್‌ಬಿಷಪ್ ಪೀಟರ್ ಮಚಾದೊ ಅವರು ಒಂದು ನಿಯೋಗದೊಡನೆ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿಯವರನ್ನು ಕಂಡು ಮನವಿಯನ್ನು ಒಪ್ಪಿಸಿದರು. ಚರ್ಚುಗಳ ಸಮೀಕ್ಷೆಗೆ ಆಜ್ಞೆಯಾದಾಗ, ನಮ್ಮನ್ನು ಮಾತ್ರ ಎಣಿಸುವುದೇಕೆಂದು ಬಹಿರಂಗವಾಗಿ ಕೇಳಿದರು. ೨೦೦೧ರ ಜನಗಣತಿಯಲ್ಲಿ ಕರ್ನಾಟಕದ ಕ್ರೈಸ್ತರು ನೂರಕ್ಕೆ ೧.೯೧ ಇದ್ದರು, ೨೦೧೧ರಲ್ಲಿ ೧.೮೭, ಸಾಮೂಹಿಕ ಮತಾಂತರವು ನಡೆದಿದ್ದರೆ ಈ ಅಂಕೆಯು ಇಳಿಯುವುದು ಹೇಗೆಂಬುದು ಕ್ರೈಸ್ತರ ಪ್ರಶ್ನೆಯಾಗಿತ್ತು. ೨೦೨೨ರಲ್ಲಿ ಕ್ರೈಸ್ತರ ಮೇಲಿನ ಹಲ್ಲೆಗಳನ್ನು ಕುರಿತು ಅವರು ಸುಪ್ರೀಂ ಕೋರ್ಟಿಗೂ ಹೋದರು.

ಇದನ್ನು ನಾವು ಹೇಗೆ ತೂಗಬೇಕು? ತನ್ನ ಮಂದೆಗೆ ಅಪಾಯವು ಬಂದಾಗ ಕುರುಬನು ಕೂಗದಿದ್ದರೆ ಅವನು ಕುರುಬನೇ ಅಲ್ಲ. ಆ ಕೂಗಿನಲ್ಲಿ ಅವಿನಯವಿರಲಿಲ್ಲ, ಅಂಕೆಸಂಖ್ಯೆಯಿತ್ತು, ಕಾನೂನಿನ ದಾರಿಯಿತ್ತು. ಅದಕ್ಕೆ ಗೌರವವು ಸಲ್ಲಬೇಕು. ಆದರೆ ಊರೀಯನಿಗಾಗಿ ನಾತಾನನು ಆಡಿದ ಮಾತಿನ ಪಕ್ಕದಲ್ಲಿ ಇದನ್ನಿಟ್ಟರೆ, ಇದು ಹಕ್ಕಿನ ಮಾತು. ಅದು ಇನ್ನೂ ಒಂದು ಮೆಟ್ಟಲು ಮೇಲಿನದು. ಆ ಪ್ರಸಂಗದಲ್ಲಿ ಆ ಮೇಲಿನ ಮೆಟ್ಟಲಿಗೆ ಬಹಳ ಸಮೀಪವಾಗಿ ನಿಂತವರು, ನನ್ನ ಅಭಿಪ್ರಾಯದಲ್ಲಿ, ಪಾದ್ರಿಗಳಲ್ಲ. ಕಂಡುದನ್ನು ಕಂಡಂತೆ ಬರೆದ ಒಬ್ಬ ತಾಲ್ಲೂಕು ಅಧಿಕಾರಿ. ಅವರು ಬರೆದುದು ತಮ್ಮ ಮೇಲಿನವರಿಗೆ. ಅದರಿಂದ ಅವರಿಗೆ ದೊರೆಯುವ ಲಾಭವೂ ಇರಲಿಲ್ಲ. ಆ ವರ್ಗಾವಣೆಯ ಕಾರಣದ ಮೇಲೆ ನಾನು ತೀರ್ಪುಹೇಳುವುದಿಲ್ಲ. ವರದಿಯ ಪ್ರಾಮಾಣಿಕತೆಗೆ ಆ ತೀರ್ಪು ಬೇಕಾಗಿಯೂ ಇಲ್ಲ.

ಮತವನ್ನು ಬೋಧಿಸುವವರು ರಾಜ್ಯದ ವಿಷಯಕ್ಕೆ ಬರಲೇ ಕೂಡದೆಂದು ಹೇಳುವವರುಂಟು. ಈ ಆಕ್ಷೇಪದಲ್ಲಿ ಸತ್ಯಾಂಶವಿದೆ. ಬೋಧಕನು ಅಧಿಕಾರದಲ್ಲಿ ಪಾಲನ್ನು ಕೇಳುವವನಾದರೆ, ಯಾರನ್ನು ಮಂತ್ರಿಮಾಡಬೇಕು, ಯಾರಿಗೆ ಮತವನ್ನು ಕೊಡಬೇಕು ಎಂದು ಗದ್ದುಗೆಯ ಮೇಲಿಂದ ಅಪ್ಪಣೆಕೊಡುವವನಾದರೆ, ಅವನು ಬರಲೇಕೂಡದು. ಆದರೆ ಅಧಿಕಾರವನ್ನು ಬೇಡುವುದು ಬೇರೆ, ಅಧಿಕಾರದಿಂದ ನ್ಯಾಯವನ್ನು ಬೇಡುವುದು ಬೇರೆ. ಬೇಡುವವನಿಗೆ ಬೇಡಿಕೆಯಿಂದ ಏನು ದೊರೆಯುತ್ತದೆಂದು ನೋಡಿದರೆ ಎರಡರ ಭೇದವು ತಿಳಿಯುತ್ತದೆ. ತನ್ನ ಸಂಸ್ಥೆಗೆ ಜಮೀನನ್ನು ಕೇಳಿ ಬಂದ ದಿನವೇ ಬಡವರ ಜಮೀನಿನ ಮಾತನ್ನಾಡಿದವನ ಮಾತಿಗೆ ಯಾವ ಮಂತ್ರಿಯೂ ಕಿವಿಗೊಡನು.

ಈ ಅಳತೆಗೋಲು ಕ್ರೈಸ್ತ ಪಾದ್ರಿಗಳಿಗೆ ಮಾತ್ರವಲ್ಲ, ನಮಗೂ ಇದೆ. ಇತರರ ದೊರೆಯನ್ನು ಬೈಯುವಾಗ ನಮ್ಮ ಧ್ವನಿಯು ಏರುತ್ತದೆ. ನಮ್ಮ ಜಾತಿಯ ಮುಖಂಡನು, ನಮ್ಮ ಮಠದ ಗುರುವು, ನಮ್ಮ ಮನೆಯ ಯಜಮಾನನು ತಪ್ಪಿದಾಗ ಆ ಧ್ವನಿಯು ಎಲ್ಲಿ ಅಡಗುತ್ತದೆ? ಮನೆಯಲ್ಲಿ ಕಸಮುಸುರೆಯ ಕೆಲಸಕ್ಕೆ ಬರುವವಳ ಲೋಟವನ್ನು ಬೇರೆಯಿಟ್ಟುಕೊಂಡು ತಂಜಾವೂರಿನ ದೇವಾಲಯದ ಎರಡು ಸಾಲುಗಳನ್ನು ಆಕ್ಷೇಪಿಸುವುದಕ್ಕೆ ನಮಗೇನು ಅಧಿಕಾರ?

ಶ್ರೀರಂಗಪಟ್ಟಣದಲ್ಲಿ ಚೇಲಾ ದಳಕ್ಕೆ ಸೇರಿಸಲ್ಪಟ್ಟ ದುರ್ಗದ ಆ ಹುಡುಗರ ನೆನಪು ನನ್ನನ್ನು ಬಿಡುವುದಿಲ್ಲ. ಒಬ್ಬ ಸತ್ಯವಂತನು ಅವರಿದ್ದ ದ್ವೀಪಕ್ಕೆ ಬಂದು, ಅವರ ಒಡೆಯನ ಪಕ್ಕದಲ್ಲಿ ಕೂತು, ನಂಬಿಕೆಯನ್ನು ಗಳಿಸಿ ಹಿಂತಿರುಗಿದನು. ಆದರೆ ಅವನ ಬಾಯಲ್ಲಿದ್ದುದು ಬೇರೆಯವರ ಸಂದೇಶ. ಮುಂದೆ ತಂಜಾವೂರಿನಲ್ಲಿ ಯಾರ ಸಂದೇಶವನ್ನೂ ಹೊರದೆ ತಾನು ಕಂಡ ದುಃಖವನ್ನೇ ಹೇಳಲು ಹೊರಟಾಗ ಅವನ ಮಾತಿಗೆ ೭,೦೦೦ ಮಂದಿ ಊರಿಗೆ ಮರಳಿದರು. ಹಾಲುರಾಮೇಶ್ವರದ ಕೊಳದ ದಡದಲ್ಲಿ ಕೈಯೊಡ್ಡಿ ನಿಂತವನು ತನ್ನ ಬಯಕೆಯ ಜೊತೆಗೆ ಪಕ್ಕದಲ್ಲಿ ನಿಂತವನದನ್ನೂ ಒಮ್ಮೆ ನೆನೆಯಬಲ್ಲನಾದರೆ, ದೊರೆಯ ಮುಂದೆ ಆಡಬೇಕಾದ ಮಾತಿನ ಮೊದಲನೆಯ ಪಾಠವು ಅವನಿಗೆ ಅಲ್ಲಿಯೇ ಆದಂತಾಯಿತು.